ಒಡಕು ದನಿಯ ಪೆಟ್ಟಿಗೆ



ಇವತ್ತು ನಾನು ಮಾತಾಡಲು ಬಂದಿರುವ ವಿಷಯ ರೇಡಿಯೊ ಕೇಂದ್ರದ ಇಂಜಿನಿಯರುಗಳಿಗೆ ಹಿಡಿಸುವಂಥದ್ದಲ್ಲ. ಗಾಜಿನ ಆಚೆ ಕೂತವರು ನನ್ನ ದನಿ ಒಡೆಯದಂತೆ, ಮೀಟರು ಕೆಂಪು ಗೆರೆ ದಾಟದಂತೆ ಕಾಯುತ್ತಿದ್ದಾರೆ. ಅವರ ಕಸುಬೇ ಅದು. ನಾನು ಹೇಳಲಿರುವುದೋ, ದನಿಯನ್ನು ಬೇಕೆಂದೇ ಒಡೆಯುವ ಒಂದು ಪುಟ್ಟ ಪೆಟ್ಟಿಗೆಯ ಸಮಾಚಾರ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಅದನ್ನು ಕಾಲ ಬಳಿ ಇಟ್ಟುಕೊಂಡಿರುತ್ತಾರೆ, ಬೇಕಾದಾಗ ಪಾದದಿಂದ ಒತ್ತುತ್ತಾರೆ. ಡಿಸ್ಟಾರ್ಶನ್ ಪೆಡಲ್ ಎಂದು ಹೆಸರು. ಅಂಗಡಿಯಿಂದ ತರುವ ಬದಲು ಅದನ್ನು ಮನೆಯ ಮೇಜಿನ ಮೇಲೆ ನಾವೇ ಮಾಡಿಕೊಳ್ಳಬಹುದು. ಸೋಲ್ಡರಿಂಗ್ ಐರನ್ ಹಿಡಿದು ಗೊತ್ತಿಲ್ಲದವರೂ ಮಾಡಬಹುದು. ಎಲ್ಲಿಂದ ಶುರುಮಾಡಬೇಕು ಅನ್ನುವುದೇ ಇವತ್ತಿನ ಮಾತು. ಕೈಗೆಟಕುವಂತೆ ಒಂದು ಕಾಗದ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ನಡುವೆ ಬರೆದುಕೊಳ್ಳುವ ಕೆಲಸ ಇದೆ.

ಸದ್ದು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿದ್ದವರಿಗೆ ನಾನು ವಿವರಿಸಬೇಕಾಗಿಲ್ಲ. ಉಳಿದವರು ಈಚಿನ ಯಾವುದಾದರೂ ಸಿನಿಮಾದಲ್ಲಿ ನಾಯಕ ಕಾರಿನ ಬಾಗಿಲು ತೆಗೆದು ಕಾಲು ಕೆಳಗಿಡುವ ಗಳಿಗೆಯನ್ನು ನೆನಪಿಸಿಕೊಳ್ಳಿ. ಹಿನ್ನೆಲೆಯಲ್ಲಿ ಗಿಟಾರ್ ಗುರ್ರೆನ್ನುತ್ತದಲ್ಲ, ಅದೇ.

ಈ ಗುರುಗುಡುವಿಕೆಯನ್ನು ಯಾರೂ ಕೂತು ಯೋಚಿಸಿ ಕಂಡುಹಿಡಿಯಲಿಲ್ಲ. ಕೆಟ್ಟುಹೋದ ಸಾಮಾನಿನಿಂದ ಬಂದದ್ದು ಅದು. 1951ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಸ್ಟುಡಿಯೊಗೆ ಐಕ್ ಟರ್ನರ್ ಅವರ ತಂಡ ಹಾಡು ಮುದ್ರಿಸಲು ಹೋಯಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರಿಗೆ ಏಟಾಗಿತ್ತು. ಸ್ಪೀಕರಿನೊಳಗೆ ಕಾಗದ ತುರುಕಿ ಹಾಗೇ ಮುದ್ರಿಸಿದರು. ‘ರಾಕೆಟ್ 88’ ಎಂಬ ಆ ಹಾಡಿನಲ್ಲಿ ಗಿಟಾರ್ ಕೆಮ್ಮಿದಂತೆ ಕೇಳುತ್ತದೆ; ಜನ ಅದನ್ನೇ ಮೆಚ್ಚಿದರು. 1958ರಲ್ಲಿ ಲಿಂಕ್ ರೇ ಎಂಬ ಗಿಟಾರ್ ವಾದಕ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಕೊರೆದು ‘ರಂಬಲ್’ ಎಂಬ ವಾದ್ಯದ ತುಣುಕು ನುಡಿಸಿದ. ಅದರಲ್ಲಿ ಒಂದೇ ಒಂದು ಮಾತಿಲ್ಲ, ಸಾಹಿತ್ಯವೇ ಇಲ್ಲ. ಆದರೂ ಹುಡುಗರು ಕೇಳಿ ಕೆಡುತ್ತಾರೆ ಎಂದು ಅಮೆರಿಕದ ಕೆಲವು ರೇಡಿಯೊ ಕೇಂದ್ರಗಳು ಅದನ್ನು ಪ್ರಸಾರ ಮಾಡಲಿಲ್ಲ. ಮಾತಿಲ್ಲದ ಸಂಗೀತಕ್ಕೆ ಬಹಿಷ್ಕಾರ! 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಬ್ಲೇಡು ತೆಗೆದುಕೊಂಡು ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನೇ ಗೀರಿ ಹರಿದ. ದಿ ಕಿಂಕ್ಸ್ ತಂಡದ ‘ಯು ರಿಯಲಿ ಗಾಟ್ ಮಿ’ ಹಾಡಿನ ಸದ್ದು ಬಂದದ್ದು ಹಾಗೆ.

ಪೆಡಲಿನ ಕಥೆಗೂ ಮೂಲ ಒಂದು ಕೆಟ್ಟ ಸಾಮಾನೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡು ಮುದ್ರಣವಾಗುತ್ತಿದ್ದಾಗ ಮಿಕ್ಸರಿನ ಒಂದು ಚಾನಲ್ ಕೈಕೊಟ್ಟಿತು. ಆ ಚಾನಲಿನಲ್ಲಿದ್ದದ್ದು ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರ್. ಹಾಡಿನ ನಡುವೆ ಥಟ್ಟನೆ ದುಂಬಿ ಗುಂಯ್‌ಗುಟ್ಟಿದ ಸದ್ದು. ಅಳಿಸಿ ಮತ್ತೆ ಮುದ್ರಿಸಬಹುದಿತ್ತು, ಆದರೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಹೊರಬಂದು ಗೆದ್ದಿತು. ಬೇರೆ ಕಲಾವಿದರು ಬಂದು ನಮಗೂ ಅದೇ ಸದ್ದು ಬೇಕು ಎನ್ನತೊಡಗಿದರು. ಅಷ್ಟರಲ್ಲಿ ಆ ಚಾನಲ್ ಪೂರ್ತಿ ಸತ್ತುಹೋಗಿತ್ತು. ಸ್ಟುಡಿಯೊ ಇಂಜಿನಿಯರ್ ಗ್ಲೆನ್ ಸ್ನಾಡಿ ತನ್ನ ಗೆಳೆಯ ರೆವಿಸ್ ಹಾಬ್ಸ್ ಜೊತೆ ಸೇರಿ ಟ್ರಾನ್ಸಿಸ್ಟರುಗಳಿಂದ ಆ ಸದ್ದನ್ನು ಮರುಸೃಷ್ಟಿಸಿದ. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೊ ಫಝ್-ಟೋನ್ ಎಂಬ ಹೆಸರಲ್ಲಿ ಮಾರಾಟಕ್ಕಿಟ್ಟಿತು. ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಎರಡು ಪೆನ್ ಟಾರ್ಚ್ ಸೆಲ್ಲು.

ಕಂಪನಿ ಅದನ್ನು ಮಾರಲು ಹೇಳಿದ ಮಾತು ಕೇಳಿ: ಈ ಪೆಟ್ಟಿಗೆ ಇದ್ದರೆ ನಿಮ್ಮ ಗಿಟಾರ್ ತುತ್ತೂರಿಯಾಗುತ್ತದೆ, ಟ್ರೊಂಬೋನ್ ಆಗುತ್ತದೆ, ಚೆಲ್ಲೊ ಆಗುತ್ತದೆ! ಗಿಟಾರ್ ಗಿಟಾರಾಗಿಯೇ ಗುಡುಗಬಹುದು ಎಂಬುದು ಅವರಿಗೆ ಹೊಳೆಯಲೇ ಇಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಈ ಪೆಡಲ್ ಒತ್ತಿದ್ದೂ ತುತ್ತೂರಿಯ ಜಾಗ ಹಿಡಿದಿಡಲಿಕ್ಕೆ. ಆಮೇಲೆ ಅಲ್ಲಿ ನಿಜವಾದ ತುತ್ತೂರಿ ನುಡಿಸುವ ಆಲೋಚನೆ ಅವನದು. ಅಷ್ಟರೊಳಗೆ ಹಾಡು ಬಿಡುಗಡೆಯಾಯಿತು. ಅಂಗಡಿಗಳಲ್ಲಿ ಧೂಳು ಹಿಡಿದಿದ್ದ ಫಝ್-ಟೋನುಗಳು ಖಾಲಿಯಾದವು.

ಇನ್ನು ಒಡಕು ಅಂದರೆ ಒಳಗೆ ಆಗುವುದೇನು? ಗಿಟಾರಿನ ತಂತಿ ಮೀಟಿದಾಗ ಪಿಕಪ್ಪಿನ ಸುರುಳಿಯಲ್ಲಿ ಒಂದು ಪುಟ್ಟ ವಿದ್ಯುತ್ ಅಲೆ ಹುಟ್ಟುತ್ತದೆ. ಮೆಲ್ಲಗೆ ಮೀಟಿದರೆ ವೋಲ್ಟಿನ ಹತ್ತನೇ ಒಂದು ಭಾಗ, ಜೋರಾಗಿ ಹೊಡೆದರೆ ಅದರ ಕೆಲವು ಪಟ್ಟು. ಅಲೆ ನುಣುಪಾಗಿ ಏರುತ್ತದೆ, ಇಳಿಯುತ್ತದೆ. ಅದನ್ನು ಒಂದು ಟ್ರಾನ್ಸಿಸ್ಟರಿನಲ್ಲಿ ಹಿಗ್ಗಿಸಿ, ಇಷ್ಟಕ್ಕಿಂತ ಮೇಲೆ ಹೋಗಬೇಡ ಎಂದು ಅಡ್ಡಗಟ್ಟಿದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾದ ಅಲೆಯೊಳಗೆ ಮೂಲ ಸ್ವರದ ಜೊತೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಕಂಪನದ ಹೊಸ ಸ್ವರಗಳು ಸೇರಿಕೊಳ್ಳುತ್ತವೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ; ಒಡಕು ಹುಟ್ಟಿದ ಕೂಡಲೇ 247ರ ಸ್ವರ, 412ರ ಸ್ವರ ಎಲ್ಲ ಮೊದಲಿಗಿಂತ ಬಲವಾಗಿ ಕೇಳುತ್ತವೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನೆಳೆ ತೂರಿಸಿ ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ನಾದಕ್ಕೆ ಜೀವ ಬಂತು ಅನ್ನುತ್ತಾರಲ್ಲ, ಅಲ್ಲಿಯೂ ಆಗುವುದು ಹತ್ತಿರ ಹತ್ತಿರ ಇದೇ: ಒಂದೇ ತಂತಿಯಿಂದ ಮೇಲಿನ ಸ್ವರಗಳನ್ನು ಎಬ್ಬಿಸುವುದು. ತಂಬೂರಿಯವರು ಅದನ್ನು ನಯವಾಗಿ ಮಾಡುತ್ತಾರೆ, ಪೆಡಲ್ ಒರಟಾಗಿ ಮಾಡುತ್ತದೆ.

ಇನ್ನೊಂದು ಪರಿಣಾಮವೂ ಇದೆ. ಅಲೆಯ ನೆತ್ತಿಯನ್ನೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ ಮೇಲೆ ಜೋರು, ಮೆಲ್ಲಗೆ ಎಂಬ ಅಂತರ ಕಡಿಮೆಯಾಗುತ್ತದೆ. ತಂತಿಯ ಕಂಪನ ಅಡಗುತ್ತ ಬಂದರೂ ಕೇಳುವ ಸದ್ದು ಬಹಳ ಹೊತ್ತು ಅಷ್ಟೇ ಇರುತ್ತದೆ. ಟಣ್ ಎಂದು ಹುಟ್ಟಿ ಕ್ಷಣದಲ್ಲಿ ಸಾಯುವ ಗಿಟಾರಿನ ಸ್ವರ ಪಿಟೀಲಿನ ಸ್ವರದ ಹಾಗೆ ನಿಲ್ಲಲು ಕಾರಣ ಇದೇ. ರಾಕ್ ಸಂಗೀತದವರು ಪೂರ್ತಿ ಕಾರ್ಡ್ ಬಿಟ್ಟು ಬರೀ ಎರಡು ಸ್ವರ, ನಮ್ಮ ಲೆಕ್ಕದಲ್ಲಿ ಸ ಮತ್ತು ಪ, ಹಿಡಿದು ನುಡಿಸುವುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. 82 ಮತ್ತು 123ರ ಸ್ವರಗಳನ್ನು ಒಟ್ಟಿಗೆ ಒಡೆದರೆ ಅವುಗಳ ವ್ಯತ್ಯಾಸವಾದ 41ರ ಸ್ವರವೂ ಹುಟ್ಟುತ್ತದೆ. ಅದು ಕೆಳಗಿನ ಸ್ಥಾಯಿಯ ಷಡ್ಜ. ಸ-ಪ ಜೋಡಿ ಹಾಗಾಗಿ ಇನ್ನೂ ಗಟ್ಟಿಯಾಗಿ ಕೇಳುತ್ತದೆ. ಅದೇ ಗಾಂಧಾರ ಸೇರಿಸಿ ನೋಡಿ, ಗಿಟಾರಿನ ಮೆಟ್ಟಿಲುಗಳ ಶ್ರುತಿಯಲ್ಲಿ ಅಂಥ ವ್ಯತ್ಯಾಸಗಳು ಒಂದಕ್ಕೊಂದು ಹೊಂದದೆ ರಾಡಿಯಾಗುತ್ತವೆ.

ಇಷ್ಟು ಸಾಕು. ಈಗ ಪೆನ್ಸಿಲ್ ಹಿಡಿಯಿರಿ.

ಮೊದಲ ಪೆಡಲಿಗೆ ಹೆಸರುವಾಸಿಯಾದ ಯಾವುದನ್ನೂ ನಕಲು ಮಾಡಲು ಹೋಗಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಎಲ್ಲ ಬಿಡಿಭಾಗ ಲಕೋಟೆಯಲ್ಲಿ ತುಂಬಿ ಬರುವ ಕಿಟ್ ಕೂಡ ಆಮೇಲೆ ಇರಲಿ. ಕಿಟ್ಟಿನಲ್ಲಿ ನಂಬರಿಗೆ ನಂಬರು ಹೊಂದಿಸಿ ಬೆಸೆಯುತ್ತೀರಿ, ಸದ್ದೂ ಬರುತ್ತದೆ, ಆದರೆ ಯಾವ ಭಾಗ ಏನು ಮಾಡಿತು ಎಂಬುದು ತಿಳಿಯದು. ಒಡಕು ದನಿಯ ಸರ್ಕ್ಯೂಟಿನಲ್ಲಿ ಒಂದು ದೊಡ್ಡ ಅನುಕೂಲ ಇದೆ: ಒಂದೊಂದು ಭಾಗ ಬದಲಿಸಿದಾಗಲೂ ಕಿವಿಗೆ ಗೊತ್ತಾಗುತ್ತದೆ. ಭಾಗದ ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಏನೂ ಸುಡುವುದಿಲ್ಲ, ಸದ್ದು ಬೇರೆಯಾಗುತ್ತದೆ ಅಷ್ಟೆ. ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಇಷ್ಟು ಉದಾರವಾದ ಇನ್ನೊಂದು ಸರ್ಕ್ಯೂಟ್ ಸಿಗುವುದು ಕಷ್ಟ. ಆದ್ದರಿಂದ ಬ್ರೆಡ್‌ಬೋರ್ಡಿನ ಮೇಲೆ, ಬೆಸುಗೆಯೇ ಇಲ್ಲದೆ, ತೂತುಗಳಿಗೆ ಚುಚ್ಚಿ ಶುರುಮಾಡಿ.

ಬ್ರೆಡ್‌ಬೋರ್ಡು, ವೈರು, ಮಲ್ಟಿಮೀಟರ್ ಬಿಟ್ಟರೆ ಬೇಕಾದ ಸಾಮಾನು ಇಷ್ಟೇ. ಬಿಸಿ547 ಟ್ರಾನ್ಸಿಸ್ಟರ್ ಒಂದು. ರೆಸಿಸ್ಟರ್ ಮೂರು: 2.2 ಮೆಗಾ ಓಮ್, 4.7 ಕಿಲೊ ಓಮ್, 680 ಓಮ್. 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಎರಡು. 1ಎನ್4148 ಡಯೋಡ್ ಎರಡು. ವಾಲ್ಯೂಮ್ ತಿರುಗಿಸಲು 100 ಕಿಲೊ ಓಮಿನ ಒಂದು ಪಾಟ್. 9 ವೋಲ್ಟ್ ಬ್ಯಾಟರಿ, ಅದರ ನೆತ್ತಿಗೆ ಕಚ್ಚುವ ಕ್ಲಿಪ್ಪು. ಗಿಟಾರಿನ ವೈರು ಸಿಕ್ಕಿಸಲು ಕಾಲಿಂಚಿನ ಎರಡು ಜ್ಯಾಕ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. “ಅಣ್ಣಾ, ಬಿಸಿ547 ಒಂದು ಕೊಡಿ” ಎಂದರೆ ಅಂಗಡಿಯವರು “ಒಂದಾ?” ಎಂದು ನಿಮ್ಮ ಮುಖ ನೋಡುತ್ತಾರೆ. ಹತ್ತು ತೆಗೆದುಕೊಳ್ಳಿ, ಒಂದು ಟ್ರಾನ್ಸಿಸ್ಟರಿಗೆ ಒಂದು ಟೀ ದುಡ್ಡೂ ಬೀಳದು. ಬಿಲ್ಲಿನ ಹೆಚ್ಚಿನ ಪಾಲು ಹೋಗುವುದು ಜ್ಯಾಕಿಗೆ, ಕೊನೆಗೆ ಇದನ್ನೆಲ್ಲ ಕೂರಿಸುವ ಡಬ್ಬಿಗೆ.

ಜೋಡಿಸುವ ಕ್ರಮ ನಿಧಾನವಾಗಿ ಹೇಳುತ್ತೇನೆ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲು ಕೆಳಗೆ. ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಪುಸ್ತಕಗಳಲ್ಲಿ ಬರುವ ಅಮೆರಿಕದ 2ಎನ್3904 ಹಾಕುವುದಾದರೆ ಜೋಕೆ, ಅದರಲ್ಲಿ ಈ ಕ್ರಮ ತಿರುವುಮುರುವು. ಬ್ಯಾಟರಿಯ ಪ್ಲಸ್ಸಿನಿಂದ 4.7 ಕಿಲೊ ಓಮ್ ಮೂಲಕ ಕಲೆಕ್ಟರಿಗೆ ಬನ್ನಿ. ಎಮಿಟರಿನಿಂದ 680 ಓಮ್ ಮೂಲಕ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ. ಕಲೆಕ್ಟರಿಗೂ ಬೇಸಿಗೂ ನಡುವೆ 2.2 ಮೆಗಾ ಓಮ್. ಗಿಟಾರಿನ ಜ್ಯಾಕಿನ ತುದಿಯಿಂದ 0.1ರ ಒಂದು ಕೆಪಾಸಿಟರ್ ಮೂಲಕ ಬೇಸಿಗೆ. ಕಲೆಕ್ಟರಿನಿಂದ ಇನ್ನೊಂದು ಕೆಪಾಸಿಟರ್ ಹೊರಗೆ ಬರಲಿ. ಅದರ ಹೊರತುದಿ ಪಾಟಿನ ಒಂದು ಬದಿಯ ಕಾಲಿಗೆ. ಪಾಟಿನ ಇನ್ನೊಂದು ಬದಿಯ ಕಾಲು ಗ್ರೌಂಡಿಗೆ, ನಡುವಿನ ಕಾಲು ಆಂಪ್ಲಿಫೈಯರಿಗೆ ಹೋಗುವ ಜ್ಯಾಕಿಗೆ. ಎರಡು ಜ್ಯಾಕಿನ ಗ್ರೌಂಡೂ ಒಂದೇ. ಡಯೋಡ್ ಇನ್ನೂ ಹಾಕಬೇಡಿ.

ಬ್ಯಾಟರಿ ಸಿಕ್ಕಿಸಿ, ಮಲ್ಟಿಮೀಟರಿನಲ್ಲಿ ಕಲೆಕ್ಟರಿಗೂ ಗ್ರೌಂಡಿಗೂ ನಡುವಿನ ವೋಲ್ಟೇಜ್ ನೋಡಿ. 4ರಿಂದ 6.5 ವೋಲ್ಟಿನೊಳಗೆ ಎಲ್ಲೇ ಇದ್ದರೂ ಸರಿ. ಪೂರಾ 9 ತೋರಿಸಿದರೆ ಟ್ರಾನ್ಸಿಸ್ಟರ್ ಮಲಗಿದೆ, ಕಾಲು ಅದಲುಬದಲಾಗಿರಬಹುದು. ಸೊನ್ನೆಯ ಹತ್ತಿರ ಇದ್ದರೆ ಎಲ್ಲೋ ಎರಡು ಕಾಲು ಒಂದಕ್ಕೊಂದು ತಾಗಿವೆ, ಇಲ್ಲವೇ ಪ್ಲಸ್ ವೈರು ಸರಿಯಾಗಿ ಕೂತಿಲ್ಲ.

ಈಗ ಆಂಪ್ಲಿಫೈಯರಿನ ವಾಲ್ಯೂಮ್ ತಗ್ಗಿಸಿ ಗಿಟಾರ್ ಮೀಟಿ. ಸದ್ದು ಜೋರಾಗಿದೆ, ಆದರೆ ಶುದ್ಧವಾಗಿದೆ. 4.7 ಕಿಲೊ ಓಮನ್ನು 680ರಿಂದ ಭಾಗಿಸಿದರೆ ಸುಮಾರು ಏಳು. ಬಂದ ಅಲೆ ಏಳು ಪಟ್ಟು ಹಿಗ್ಗಿದೆ. ಹೀಗೆ ನುಡಿಸುತ್ತಿರುವಾಗಲೇ ಇನ್ನೊಬ್ಬರ ಕೈಲಿ ಆ ಎರಡು ಡಯೋಡುಗಳನ್ನು ಹಾಕಿಸಿ. ಹೊರಬರುವ ಕೆಪಾಸಿಟರಿನ ಹೊರತುದಿಯಿಂದ ಗ್ರೌಂಡಿಗೆ ಎರಡನ್ನೂ ಅಕ್ಕಪಕ್ಕ, ಆದರೆ ಒಂದರ ಮೈಯ ಪಟ್ಟಿ ಮೇಲೆ, ಇನ್ನೊಂದರ ಪಟ್ಟಿ ಕೆಳಗೆ. ಎರಡನೇ ಡಯೋಡಿನ ಕಾಲು ತೂತಿಗೆ ಇಳಿದ ತಕ್ಷಣ ಸದ್ದು ಕುಗ್ಗುತ್ತದೆ, ಅಂಚು ಹರಿಯುತ್ತದೆ, ಗೊರಗೊರ ಶುರುವಾಗುತ್ತದೆ. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನವರೆಗೆ ಬಾಗಿಲು ಮುಚ್ಚಿಕೊಂಡಿದ್ದು ಆಮೇಲೆ ತೆರೆದುಬಿಡುತ್ತದೆ. ಅದರಿಂದಾಚೆಗಿನ ಅಲೆಯೆಲ್ಲ ಗ್ರೌಂಡಿಗೆ ಹರಿದುಹೋಗುತ್ತದೆ. ಒಂದು ಡಯೋಡು ಮೇಲಿನ ನೆತ್ತಿ ಕತ್ತರಿಸಿದರೆ ಇನ್ನೊಂದು ಕೆಳಗಿನದನ್ನು. ತಂತಿ ಮೀಟಿ ಹಾಗೇ ಬಿಟ್ಟು ಕೇಳಿ: ಮೊದಲು ಒರಟು, ಕಂಪನ ಇಳಿದಂತೆಲ್ಲ ಸದ್ದು ತಿಳಿಯಾಗುತ್ತ ಕೊನೆಗೆ ಶುದ್ಧ ಗಿಟಾರ್ ಉಳಿಯುತ್ತದೆ. ಪುಸ್ತಕದಲ್ಲಿ ಡಯೋಡಿನ ಗ್ರಾಫ್ ಎಷ್ಟು ಸಲ ಬರೆದರೂ ಈ ತಿಳಿವಳಿಕೆ ಬರುವುದಿಲ್ಲ.

ಆಟ ಶುರುವಾಗುವುದೇ ಇಲ್ಲಿಂದ. 680 ಓಮಿನ ರೆಸಿಸ್ಟರಿಗೆ ಸಮಾನಾಂತರವಾಗಿ 22 ಮೈಕ್ರೊಫ್ಯಾರಡಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ಎಮಿಟರಿನ ಕಡೆ. ಲೆಕ್ಕದ ಪ್ರಕಾರ ಹಿಗ್ಗುವಿಕೆ ನೂರು ಪಟ್ಟು ದಾಟುತ್ತದೆ. ನಿಜದಲ್ಲಿ ಅಷ್ಟು ಸಿಗದು. ಟ್ರಾನ್ಸಿಸ್ಟರ್ ಈಗ ಗಿಟಾರಿನ ಪಿಕಪ್ಪಿನ ಮೇಲೆ ಭಾರ ಹೇರುತ್ತದೆ, ಮೇಲಿನ ಸ್ವರಗಳ ಹೊಳಪು ಸ್ವಲ್ಪ ಕಳೆದುಹೋಗುತ್ತದೆ. ಆದರೂ ದಪ್ಪಗಿನ, ಉಣ್ಣೆ ಸುತ್ತಿದಂಥ ಫಝ್ ಸದ್ದು ಬರುತ್ತದೆ. ಡಯೋಡ್ ಬದಲಿಸಿ ನೋಡಿ. ಜರ್ಮೇನಿಯಂ ಡಯೋಡು 0.3 ವೋಲ್ಟಿಗೇ ತೆರೆಯುತ್ತದೆ, ನಿಧಾನವಾಗಿ ತೆರೆಯುತ್ತದೆ. ಸದ್ದು ಸಣ್ಣದು, ಮೆದು. ಕೆಂಪು ಎಲ್‌ಇಡಿ ಎರಡು ಹಾಕಿದರೆ ಸುಮಾರು 1.7 ವೋಲ್ಟಿನವರೆಗೆ ಬಿಡುತ್ತದೆ. ಸದ್ದು ದೊಡ್ಡದು, ಬಿಡುಬೀಸು. ಒಂದು ಕಡೆ ಒಂದು ಡಯೋಡು, ಇನ್ನೊಂದು ಕಡೆ ಸಾಲಾಗಿ ಎರಡು ಹಾಕಿದರೆ ಮೇಲಿನ ಕತ್ತರಿ ಬೇರೆ, ಕೆಳಗಿನ ಕತ್ತರಿ ಬೇರೆ. ಆಗ ಎರಡು ಪಟ್ಟು, ನಾಲ್ಕು ಪಟ್ಟಿನ ಸ್ವರಗಳೂ ಸೇರುತ್ತವೆ. ಹೊರಬರುವ 0.1ರ ಕೆಪಾಸಿಟರ್ ತೆಗೆದು 1 ಮೈಕ್ರೊಫ್ಯಾರಡ್ ಹಾಕಿದರೆ ಕೆಳಗಿನ ಸ್ವರ ತುಂಬಿಕೊಳ್ಳುತ್ತದೆ, ಕೆಲವರ ಕಿವಿಗೆ ಅತಿಯಾಗಿಯೂ ಕೇಳೀತು.

ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ಪೆಡಲುಗಳ ಒಳಗೂ ನಡೆಯುವುದು ಈ ವ್ಯವಹಾರವೇ. ಎಪ್ಪತ್ತರ ದಶಕದ ಎಂಎಕ್ಸ್ಆರ್ ಡಿಸ್ಟಾರ್ಶನ್ ಪ್ಲಸ್ ಪೆಡಲಿನಲ್ಲಿ ಟ್ರಾನ್ಸಿಸ್ಟರಿನ ಜಾಗದಲ್ಲಿ 741 ಎಂಬ ಐಸಿ, ಆಮೇಲೆ ಗ್ರೌಂಡಿಗೆ ಎರಡು ಜರ್ಮೇನಿಯಂ ಡಯೋಡು. 1979ರ ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಡಯೋಡುಗಳನ್ನು ಐಸಿಯಿಂದ ಹೊರಬಂದ ಅಲೆ ಒಳಕ್ಕೆ ಮರಳುವ ದಾರಿಯಲ್ಲಿ ಇಟ್ಟಿತು, ಹಾಗಾಗಿ ಅದರ ಒಡಕು ನಯ. ಅದರೊಳಗಿನ 4558 ಐಸಿಯ ಮೇಲೆ ಯಾವ ಅಕ್ಷರ ಅಚ್ಚಾಗಿದೆ ಎಂದು ನೋಡಿ ಬೆಲೆ ಏರಿಸುವವರಿದ್ದಾರೆ. ಕಣ್ಣು ಮುಚ್ಚಿ ಕೇಳಿದಾಗ ಅವರಲ್ಲಿ ಎಷ್ಟು ಜನರಿಗೆ ವ್ಯತ್ಯಾಸ ಗೊತ್ತಾದೀತು ಎಂಬ ಅನುಮಾನ ನನಗಿದೆ.

ಈಗ ನಮ್ಮೂರಿನ ಒಂದು ನಂಟು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಫಝ್ ಫೇಸ್ ಎಂಬ ಪೆಡಲ್ ಮಾಡಿತು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಿನಡಿ ಇದ್ದ ಆ ದುಂಡನೆಯ ಪೆಡಲೇ. ಮೈಕಿನ ಸ್ಟ್ಯಾಂಡಿನ ತಳದ ತಟ್ಟೆ ನೋಡಿ ಆ ಆಕಾರ ಹೊಳೆಯಿತಂತೆ. ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್, ಒಟ್ಟು ಹನ್ನೊಂದು ಭಾಗ. ಅದರಲ್ಲಿ ಬಳಸಿದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಎಸಿ128 ಒಂದು. ಆ ಹೆಸರು ಕೇಳಿದರೆ ಹಳೆಯ ರೇಡಿಯೊ ಮೆಕ್ಯಾನಿಕ್ಕುಗಳು ನಗುತ್ತಾರೆ. ಅದನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೂ ತಯಾರಿಸುತ್ತಿತ್ತು. ಮನೆಮನೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಸ್ಪೀಕರನ್ನು ಕುಣಿಸುತ್ತಿದ್ದದ್ದು ಅಂಥವೇ, ತಗಡಿನ ಟೋಪಿ ತೊಟ್ಟ ಪುಟ್ಟ ಕೊಳವೆಗಳು. ವಾರ್ತೆ, ಚಿತ್ರಗೀತೆ ಒಡೆಯದೆ ಕೇಳಿಸಲೆಂದು ಮಾಡಿದ ಆ ಬಿಇಎಲ್ ಮುದ್ರೆಯ ಸಾಮಾನನ್ನು ಇವತ್ತು ಹೊರದೇಶದ ಪೆಡಲ್ ಕಟ್ಟುವವರು ಒಡೆಯಲಿಕ್ಕೆಂದು ಹುಡುಕಿ ಕೊಳ್ಳುತ್ತಾರೆ. ನಿಮ್ಮ ಅಟ್ಟದಲ್ಲಿ ಸತ್ತ ರೇಡಿಯೊ ಇದ್ದರೆ ಗುಜರಿಗೆ ಹಾಕುವ ಮುಂಚೆ ಬೆನ್ನು ಬಿಚ್ಚಿ ನೋಡಿ.

ಆದರೆ ಜರ್ಮೇನಿಯಂ ಎರಡನೇ ಪೆಡಲಿಗೆ ಇರಲಿ. ಅದರ ಸ್ವಭಾವ ಹಠಮಾರಿ. ಮುಚ್ಚಿಕೊಂಡಿರಬೇಕಾದಾಗಲೂ ಸ್ವಲ್ಪ ಕರೆಂಟು ಸೋರಿಸುತ್ತದೆ, ಬಿಸಿಯಾದರೆ ಇನ್ನೂ ಹೆಚ್ಚು. ಮೀಟರಿಗೆ ಹಚ್ಚಿದ ಎಸಿ128ರ ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಿ, ಮೈಯ ಬಿಸಿ ತಗುಲಿ ಅಂಕಿ ಏರುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ. ಮಡಿಕೇರಿಯ ಚಳಿಯಲ್ಲಿ ಚೆನ್ನಾಗಿ ನುಡಿಯುವ ಫಝ್ ಏಪ್ರಿಲಿನ ಕಲಬುರಗಿಯಲ್ಲಿ ಉಸಿರುಗಟ್ಟಿದಂತೆ ಕೇಳಿದರೆ ಆಶ್ಚರ್ಯವಿಲ್ಲ. ಸಾಲದ್ದಕ್ಕೆ ಎಸಿ128 ಪಿಎನ್‌ಪಿ ಜಾತಿ. ಹಳೆಯ ಫಝ್ ಫೇಸಿನಲ್ಲಿ ಬ್ಯಾಟರಿಯ ಪ್ಲಸ್ಸೇ ಗ್ರೌಂಡು. ಹೊಸಬರ ತಲೆ ಅಲ್ಲೇ ತಿರುಗುತ್ತದೆ.

ಬ್ರೆಡ್‌ಬೋರ್ಡಿನಲ್ಲಿ ನಿಮಗೆ ಒಪ್ಪುವ ಸದ್ದು ಸಿಕ್ಕಿದ ಮೇಲೆ ಭಾಗಗಳನ್ನು ತಾಮ್ರದ ಉಂಗುರಗಳಿರುವ ಬೋರ್ಡಿಗೆ ಸಾಗಿಸಿ ಬೆಸುಗೆ. 25 ವಾಟಿನ ಐರನ್ ಸಾಕು. ಕಲಿಯುವವರು ಸಾಮಾನ್ಯವಾಗಿ ಐರನ್ ತುದಿಯಲ್ಲಿ ಬೆಸುಗೆಯ ತಂತಿಯನ್ನು, ಅಂದರೆ ಲೆಡ್ಡನ್ನು, ಕರಗಿಸಿಕೊಂಡು ಬಂದು ಕಾಲಿನ ಮೇಲೆ ಒರೆಸುತ್ತಾರೆ. ಅಂಥ ಬೆಸುಗೆ ಮೇಲೆ ಕೂತಿರುತ್ತದೆ, ಹಿಡಿದಿರುವುದಿಲ್ಲ. ಮೊದಲು ಐರನ್ನನ್ನು ಕಾಲಿಗೂ ಬೋರ್ಡಿನ ತಾಮ್ರದ ಉಂಗುರಕ್ಕೂ ಒಟ್ಟಿಗೆ ತಾಗಿಸಿ ಎರಡು ಸೆಕೆಂಡು ಬಿಸಿ ಮಾಡಿ, ಆಮೇಲೆ ಲೆಡ್ಡನ್ನು ಎದುರು ಕಡೆಯಿಂದ ಕಾಲಿಗೆ ಮುಟ್ಟಿಸಿ. ಅದು ತಾನಾಗಿ ಹರಿದು ಸುತ್ತ ಅಪ್ಪಿಕೊಳ್ಳುತ್ತದೆ. ಲೆಡ್ ಮೊದಲು ತೆಗೆಯಿರಿ, ಐರನ್ ಆಮೇಲೆ, ಆರುವವರೆಗೆ ಅಲುಗಿಸಬೇಡಿ. ಹೊಗೆ ಮೂಗಿಗೆ ಬಾರದಂತೆ ಕಿಟಕಿ ತೆರೆದಿರಲಿ, ಮುಗಿದ ಮೇಲೆ ಕೈ ತೊಳೆದೇ ತಿಂಡಿಗೆ ಕೂರಿ. ಲೆಡ್ ಎಂದು ನಾವು ಕರೆಯುವ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ.

ಒಂದು ಜಾಣ ಉಪಾಯ ಜ್ಯಾಕಿನಲ್ಲಿದೆ. ಗಿಟಾರ್ ಸಿಕ್ಕಿಸುವ ಕಡೆಗೆ ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಮೈನಸ್ಸನ್ನು ಅದರ ನಡುವಿನ ರಿಂಗ್ ಕಾಲಿಗೆ ಕೊಡಿ. ಗಿಟಾರಿನ ಮೊನೊ ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಮೈ ರಿಂಗನ್ನೂ ಗ್ರೌಂಡನ್ನೂ ಸೇರಿಸುತ್ತದೆ, ಪೆಡಲಿಗೆ ಕರೆಂಟು ಬರುತ್ತದೆ. ಪ್ಲಗ್ ಎಳೆದರೆ ನಿಲ್ಲುತ್ತದೆ. ಬೇರೆ ಸ್ವಿಚ್ಚು ಬೇಡ. ಕಾಲಿನಿಂದ ಒತ್ತುವ ಸ್ವಿಚ್ಚಿನ ಮಾತೂ ಸದ್ಯಕ್ಕೆ ಬೇಡ. ಅದಕ್ಕೆ ಒಂಬತ್ತು ಕಾಲು, ಎರಡು ಜ್ಯಾಕಿಗೆ ಅಡ್ಡಾದಿಡ್ಡಿ ವೈರು. ಹೊಸಬರ ಪೆಡಲು ಮೂಕವಾಗುವುದು ಸರ್ಕ್ಯೂಟಿನಿಂದಾಗಿ ಕಡಿಮೆ, ಈ ಸ್ವಿಚ್ಚಿನ ವೈರಿಂಗಿನಿಂದ ಹೆಚ್ಚು.

ಸದ್ದು ಬಾರದಿದ್ದರೆ ಕಳ್ಳನನ್ನು ಹಿಡಿಯುವ ವಿಧಾನ ಸರಳ. ಆಂಪ್ಲಿಫೈಯರಿಗೆ ಹೋಗುವ ವೈರಿನ ಒಳ ಎಳೆಗೆ 0.1ರ ಒಂದು ಕೆಪಾಸಿಟರ್ ಬೆಸೆದು, ಅದರ ಇನ್ನೊಂದು ಕಾಲನ್ನು ಸೂಜಿಯ ಹಾಗೆ ಹಿಡಿದುಕೊಳ್ಳಿ. ಹೊರ ಎಳೆ ಗ್ರೌಂಡಿಗೆ. ಗಿಟಾರಿನಿಂದ ಹೊರಟು ಬೇಸ್, ಕಲೆಕ್ಟರ್, ಡಯೋಡು ಎಂದು ಒಂದೊಂದೇ ಜಾಗ ಮುಟ್ಟುತ್ತ ಬನ್ನಿ. ಎಲ್ಲಿ ಸದ್ದು ಸಾಯುತ್ತದೋ ಅದರ ಹಿಂದಿನ ಬೆಸುಗೆ ನೋಡಿ.

ಡಬ್ಬಿ ಲೋಹದ್ದೇ ಆಗಬೇಕು, ಅದು ಗ್ರೌಂಡಿಗೆ ಸೇರಿರಬೇಕು. ಅಲ್ಯೂಮಿನಿಯಂ ಡಬ್ಬಿ ಕೊರೆಯಲು ಸುಲಭ, ಬಿಸ್ಕತ್ತಿನ ತಗಡಿನ ಡಬ್ಬಿಯೂ ನಡೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ಮನೆಯ ವೈರಿಂಗಿನ 50 ಹರ್ಟ್ಸಿನ ಗುಂಯ್ ಎಲ್ಲ ಒಳಗೆ ಬಂದು ಕೂರುತ್ತದೆ. ಇನ್ನೊಂದು ತಮಾಷೆಯೂ ಆಗಬಹುದು. ಗಿಟಾರಿನ ಉದ್ದ ವೈರು ಏರಿಯಲಿನ ಕೆಲಸ ಮಾಡಿ, ಟ್ರಾನ್ಸಿಸ್ಟರಿನ ಬೇಸು ಡಿಟೆಕ್ಟರಿನ ಕೆಲಸ ಮಾಡಿ, ನಿಮ್ಮ ಪೆಡಲು ರೇಡಿಯೊ ಆಗಿಬಿಡುತ್ತದೆ. ಪ್ರಬಲ ಮಧ್ಯಮ ತರಂಗ ಕೇಂದ್ರದ ಹತ್ತಿರ ವಾಸಿಸುವವರಿಗೆ ಇದು ಹೊಸದಲ್ಲ. ಬೆಂಗಳೂರಿನವರಾದರೆ 612 ಕಿಲೊಹರ್ಟ್ಸಿನಲ್ಲಿ ಯಾರೋ ಮಾತಾಡುತ್ತಿರುವುದು ಫಝ್ ನಡುವೆ ತೂರಿ ಬರಬಹುದು. ಬೇಸಿನಿಂದ ಗ್ರೌಂಡಿಗೆ 100 ಪಿಕೊಫ್ಯಾರಡಿನ ಸಣ್ಣ ಕೆಪಾಸಿಟರ್ ಹಾಕಿದರೆ ಸಾಮಾನ್ಯವಾಗಿ ಮಾತು ನಿಲ್ಲುತ್ತದೆ. ಕೇಳುತ್ತಿರುವುದು ಒಳ್ಳೆಯ ಭಾಷಣವಾದರೆ ಮುಗಿಯುವವರೆಗೆ ಕಾದು ಹಾಕಿ.

ಕೊನೆಗೆ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಪೆಡಲು ನುಡಿದ ಉತ್ಸಾಹದಲ್ಲಿ ಹುಡುಗರು ಮುಂದಿನ ವಾರ ಹಳೆಯ ವಾಲ್ವ್ ಆಂಪ್ಲಿಫೈಯರ್ ಬಿಚ್ಚಲು ಕೂರುತ್ತಾರೆ. ಅದರೊಳಗೆ 300, 400 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ, ಜೀವ ತೆಗೆಯುವಷ್ಟು. ಪೆಡಲಿನ 9 ವೋಲ್ಟಿನಲ್ಲಿ ಎಷ್ಟು ತಪ್ಪಿದರೂ ಹೋಗುವುದು ಒಂದು ಟ್ರಾನ್ಸಿಸ್ಟರ್. ಆದ್ದರಿಂದ ಮಕ್ಕಳಿರಲಿ, ದೊಡ್ಡವರಿರಲಿ, ಮೊದಲ ವರ್ಷ ಬ್ಯಾಟರಿ ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಗೋಡೆಯ ಪ್ಲಗ್ಗಿಗೆ ಸೇರಿದ ಯಾವುದನ್ನೂ ತಿಳಿದವರು ಪಕ್ಕದಲ್ಲಿಲ್ಲದೆ ಬಿಚ್ಚಬೇಡಿ.